ನಿಮ್ಮ ಊರಿನ ಮಲೇರಿಯಾ ಲೆಕ್ಕ ಇಡುವುದು ಹೇಗೆ?

ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. 1990ರ ದಶಕದಲ್ಲಿ ಇಲ್ಲಿ ಒಂದರ ಪಕ್ಕ ಒಂದು ಬಿಲ್ಡಿಂಗ್ ಏಳತೊಡಗಿತು, ಅದರ ಜತೆಗೇ ಚಳಿಜ್ವರವೂ ಎದ್ದಿತು. ಆಮೇಲೆ ಪ್ರತಿ ಮಳೆಗಾಲ ಪೇಪರಿನಲ್ಲಿ ಒಂದು ಸುದ್ದಿ ಗ್ಯಾರಂಟಿ: ಈ ವರ್ಷ ಇಷ್ಟು ಕೇಸು, ಕಳೆದ ವರ್ಷಕ್ಕಿಂತ ಇಷ್ಟು ಕಡಿಮೆ. ನಾವೂ ಓದಿ, ಸದ್ಯ ಅಂತ ಪುಟ ತಿರುಗಿಸುತ್ತೇವೆ. ಆ ಸಂಖ್ಯೆ ಎಲ್ಲಿಂದ ಬಂತು, ಎಷ್ಟು ಜನರ ರಕ್ತ ನೋಡಿದ ಮೇಲೆ ಬಂತು ಅಂತ ಕೇಳುವವರು ಕಮ್ಮಿ. ವಾರ್ಡ್ ಸಮಿತಿಯವರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು, ಕಾಲೇಜ್ ಪ್ರಾಜೆಕ್ಟ್ ಮಾಡುವ ಹುಡುಗರು, ಯಾರು ಬೇಕಾದರೂ ಈ ಲೆಕ್ಕ ಕಲಿಯಬಹುದು. ಗುಣಿಸಿ ಭಾಗಿಸುವಷ್ಟು ಗಣಿತ ಬಂದರೆ ಸಾಕು.

ಮೊದಲು, ಯಾವುದು ಕೇಸ್ ಅಂತ ಗಟ್ಟಿ ಮಾಡಿಕೊಳ್ಳಿ

ಚಳಿ ಬಂತು, ನಡುಗಿದರು, ಮಾತ್ರೆ ತಿಂದರು. ಇದು ಕೇಸ್ ಅಲ್ಲ. ರಕ್ತದಲ್ಲಿ ಪರಾವಲಂಬಿ ಜೀವಿ ಕಂಡರೆ ಮಾತ್ರ ಕೇಸ್. ನೋಡುವುದಕ್ಕೆ ಎರಡು ದಾರಿ. ಒಂದು, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಲೈಡ್. ಇನ್ನೊಂದು, ಹತ್ತಿಪ್ಪತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಾರ್ಡ್ ಟೆಸ್ಟ್. ಕಾರ್ಡ್ ಸುಲಭ ನಿಜ, ಆದರೆ ಅದರಲ್ಲೊಂದು ತೊಡಕಿದೆ. ಫಾಲ್ಸಿಪಾರಂ ಅನ್ನುವ ಬಗೆಯ ಮಲೇರಿಯಾ ಹಿಡಿಯುವ ಹೆಚ್ಚಿನ ಕಾರ್ಡ್‌ಗಳು ಔಷಧಿ ಮುಗಿದು ಜ್ವರ ಹೋದ ಮೇಲೂ ಕೆಲವು ವಾರ ಪಾಸಿಟಿವ್ ತೋರಿಸುತ್ತವೆ. ಅದೇ ಮನುಷ್ಯ ಹದಿನೈದು ದಿನ ಬಿಟ್ಟು ಇನ್ನೊಂದು ಆಸ್ಪತ್ರೆಗೆ ಹೋದರೆ ಒಂದೇ ಕಾಯಿಲೆ ಎರಡು ಸಲ ಎಣಿಕೆಯಾಗುತ್ತದೆ. ಅದಕ್ಕೇ ಹೆಸರು, ವಯಸ್ಸು, ಫೋನ್ ನಂಬರ್ ಹೊಂದಿಸಿ ನೋಡುವುದು.

ಪಿವಿಯಾ ಪಿಎಫ್ಫಾ ಅಂತಲೂ ಬೇರೆ ಬೇರೆಯಾಗಿ ಬರೆಯಬೇಕು. ಮಂಗಳೂರಿನಲ್ಲಿ ಜಾಸ್ತಿ ಇರುವುದು ಪಿವಿ, ಅಂದರೆ ವೈವಾಕ್ಸ್. ಪಿಎಫ್, ಅಂದರೆ ಫಾಲ್ಸಿಪಾರಂ, ಕಮ್ಮಿ, ಆದರೆ ಜೀವಕ್ಕೆ ಹೆಚ್ಚು ಅಪಾಯ ಅದರಿಂದಲೇ. ಒಟ್ಟು ಕೇಸ್ ಇಳಿದು ಅದರಲ್ಲಿ ಪಿಎಫ್ ಪಾಲು ಏರಿದ್ದರೆ ಖುಷಿಪಡುವ ವಿಷಯವಲ್ಲ.

ಆಮೇಲೆ ವಿಳಾಸ

ಇಲ್ಲೇ ಲೆಕ್ಕ ಹಳ್ಳ ಹಿಡಿಯುವುದು. ನನಗೇ ಹೀಗಾಗಿದೆ. ಮಂಗಳೂರಿನಲ್ಲಿ ಪಿಜಿಯಲ್ಲಿದ್ದಾಗ ಮಲೇರಿಯಾ ಬಂತು. ರಕ್ತ ಕೊಟ್ಟ ಲ್ಯಾಬಿನವರು ನನ್ನ ಐಡಿ ಕಾರ್ಡ್ ನೋಡಿ ಸಕಲೇಶಪುರದ ಕಡೆಯ ನಮ್ಮ ಹಳ್ಳಿಯ ವಿಳಾಸ ಬರೆದುಕೊಂಡರು. ಒಂದು ವಾರ ಬಿಟ್ಟು ಊರಿನ ಆರೋಗ್ಯ ಕಾರ್ಯಕರ್ತೆ ನಮ್ಮ ಅಂಗಳಕ್ಕೆ ಬಂದು, "ಅಮ್ಮಾ, ನಿಮ್ಮನೇಲಿ ಮಲೇರಿಯಾ ಇದೆಯಂತೆ, ತೊಟ್ಟಿ ತೋರಿಸಿ" ಅಂದರಂತೆ. ಅಮ್ಮ ಗಾಬರಿಯಾಗಿ ಫೋನ್ ಮಾಡಿದರು. ಅತ್ತ ಹಳ್ಳಿಯಲ್ಲಿ ತೊಟ್ಟಿ ತೊಳೆದದ್ದೇ ತೊಳೆದದ್ದು, ಇತ್ತ ಪಿಜಿಯ ಹಿಂದಿನ ಅರ್ಧ ಕಟ್ಟಿದ ಬಿಲ್ಡಿಂಗಿನಲ್ಲಿ ಸೊಳ್ಳೆಗಳು ಆರಾಮಾಗಿದ್ದವು.

ಹಾಗಾಗಿ ಕೇಳಬೇಕಾದದ್ದು "ನಿಮ್ಮ ವಿಳಾಸ ಏನು" ಅಂತಲ್ಲ, "ಜ್ವರ ಬರುವುದಕ್ಕೆ ಮುಂಚಿನ ಮೂರ್ನಾಲ್ಕು ವಾರ ರಾತ್ರಿ ಎಲ್ಲಿ ಮಲಗುತ್ತಿದ್ದಿರಿ" ಅಂತ. ರಾತ್ರಿ ಯಾಕೆ? ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ. ಆಫೀಸ್ ಯಾವ ಏರಿಯಾ ಅನ್ನುವುದರಿಂದ ಅಷ್ಟೇನೂ ಗೊತ್ತಾಗುವುದಿಲ್ಲ. ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದವರು ಸೈಟಿನ ಶೆಡ್ಡಿನಲ್ಲೇ ಮಲಗುತ್ತಾರೆ. ಅಲ್ಲಿ ಮನೆ ನಂಬರೇ ಇರುವುದಿಲ್ಲ. ಸೈಟಿನ ಹೆಸರು ಬರೆಯಿರಿ, ಎದುರಿಗಿರುವ ಅಂಗಡಿಯ ಹೆಸರು ಬರೆಯಿರಿ, ಮೊಬೈಲಿನಲ್ಲಿ ಲೊಕೇಶನ್ ಗುರುತು ಹಾಕಿಕೊಳ್ಳಿ.

ಊರಿಗೆ ಹೋಗಿ ಬಂದಿದ್ದರೆ ಅದನ್ನೂ ಬರೆಯಿರಿ. ಹೊರಗಿನಿಂದ ಬಂದ ಕೇಸ್ ಬೇರೆ, ಇಲ್ಲೇ ಹತ್ತಿದ ಕೇಸ್ ಬೇರೆ. ಹಾಗಂತ "ಎಲ್ಲ ವಲಸೆ ಕಾರ್ಮಿಕರು ತಂದದ್ದು" ಅಂತ ಕೈ ತೊಳೆದುಕೊಳ್ಳುವ ಚಾಳಿ ನಮ್ಮಲ್ಲಿ ಬಹಳ. ಅವರ ಮೈಯಿಂದ ನಮ್ಮ ಮೈಗೆ ಬರಬೇಕಾದರೆ ನಡುವೆ ಒಂದು ಸೊಳ್ಳೆ ಬೇಕು, ಆ ಸೊಳ್ಳೆ ಹುಟ್ಟಿದ್ದು ನಮ್ಮೂರ ನೀರಿನಲ್ಲೇ ಅಲ್ವಾ?

ತಾರೀಖು ಮೂರು ಬೇಕು

ಜ್ವರ ಶುರುವಾದ ದಿನ, ರಕ್ತ ಕೊಟ್ಟ ದಿನ, ಚಿಕಿತ್ಸೆ ಶುರುವಾದ ದಿನ. ಪಿವಿಯಲ್ಲಿ ಸೊಳ್ಳೆಗೆ ದಾಟಬಲ್ಲ ರೂಪದ ಪರಾವಲಂಬಿ ಜ್ವರದ ಹೊತ್ತಿಗೇ ರಕ್ತದಲ್ಲಿ ಇರುತ್ತದೆ. ಜ್ವರಕ್ಕೂ ಟೆಸ್ಟಿಗೂ ನಡುವೆ ಐದು ದಿನ ಕಳೆದರೆ ಆ ಐದೂ ರಾತ್ರಿ ಸೊಳ್ಳೆಗೆ ಊಟ. ಕೇಸುಗಳ ಸಂಖ್ಯೆಗಿಂತ ಈ ಅಂತರವನ್ನೇ ನಾನು ಮೊದಲು ನೋಡುತ್ತೇನೆ. ಎರಡು ದಿನಕ್ಕೆ ಇಳಿದಿದ್ದರೆ ಆ ವಾರ್ಡಿನಲ್ಲಿ ಯಾರೋ ಸರಿಯಾಗಿ ಕೆಲಸ ಮಾಡುತ್ತಿದ್ದಾರೆ ಅಂತಲೇ ಲೆಕ್ಕ.

ಈಗ ಭಾಗಾಕಾರ

ಬರೀ ಕೇಸುಗಳ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಅದರ ಪಕ್ಕ ಇನ್ನೆರಡು ಬೇಕು: ಜನಸಂಖ್ಯೆ, ಮತ್ತು ಎಷ್ಟು ಜನರ ರಕ್ತ ನೋಡಿದರು ಅನ್ನುವುದು. ಇವುಗಳಿಂದ ಮೂರು ಅಳತೆ ಸಿಗುತ್ತವೆ, ಆರೋಗ್ಯ ಇಲಾಖೆಯವರು ಬಳಸುವುದೂ ಇವನ್ನೇ.

ನೂರು ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿಯ ರಕ್ತ ನೋಡಿದರು ಅನ್ನುವುದು ಎಬಿಇಆರ್. ನೋಡಿದ ನೂರು ಸ್ಲೈಡಿನಲ್ಲಿ ಎಷ್ಟು ಪಾಸಿಟಿವ್ ಅನ್ನುವುದು ಎಸ್‌ಪಿಆರ್. ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಕೇಸ್ ಅನ್ನುವುದು ಎಪಿಐ.

ಸುಮ್ನೆ ಲೆಕ್ಕಕ್ಕೆ ಒಂದು ಊರು ಇಟ್ಟುಕೊಳ್ಳೋಣ. ಜನ 5 ಲಕ್ಷ. ಮೊದಲ ವರ್ಷ 50,000 ಸ್ಲೈಡ್ ನೋಡಿದರು, 1,000 ಪಾಸಿಟಿವ್. ಎಬಿಇಆರ್ 10, ಎಸ್‌ಪಿಆರ್ 2, ಎಪಿಐ 2. ಮರುವರ್ಷ ಸಿಬ್ಬಂದಿ ಕಮ್ಮಿಯಾದರು, 20,000 ಸ್ಲೈಡ್ ಮಾತ್ರ ನೋಡಿದರು, 600 ಪಾಸಿಟಿವ್. ಎಪಿಐ 1.2ಕ್ಕೆ ಇಳಿಯಿತು. "ಮಲೇರಿಯಾ ಶೇ 40ರಷ್ಟು ಇಳಿಕೆ" ಅಂತ ಪತ್ರಿಕಾ ಹೇಳಿಕೆ ರೆಡಿ. ಆದರೆ ಎಸ್‌ಪಿಆರ್ ನೋಡಿ: 2 ಇದ್ದದ್ದು 3 ಆಗಿದೆ. ಕಡಿಮೆಯಾದದ್ದು ಮಲೇರಿಯಾನೋ, ಹುಡುಕುವ ಕೆಲಸವೋ?

ಒಂದು ಸಣ್ಣ ಉಪಾಯ: ಎಬಿಇಆರ್ ಅನ್ನು ಎಸ್‌ಪಿಆರ್‌ನಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಎಪಿಐ ಬರಬೇಕು. ಬರದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

ಎಸ್‌ಪಿಆರ್ ಅನ್ನೂ ಕಣ್ಣುಮುಚ್ಚಿ ನಂಬಬೇಡಿ. ಪಕ್ಕಾ ಮಲೇರಿಯಾ ಅನ್ನಿಸಿದವರಿಗೆ ಮಾತ್ರ ಟೆಸ್ಟ್ ಮಾಡಿದರೆ ಅದು ಏರುತ್ತದೆ. ಜ್ವರವಿಲ್ಲದವರನ್ನೂ ಸಾಲಾಗಿ ನಿಲ್ಲಿಸಿ ಟಾರ್ಗೆಟ್ ಮುಗಿಸಿದರೆ ಇಳಿಯುತ್ತದೆ. ಜನಸಂಖ್ಯೆಯದ್ದೂ ಅದೇ ಕತೆ. 2011ರ ಜನಗಣತಿಯಲ್ಲಿ ಮಂಗಳೂರು ಪಾಲಿಕೆಯಲ್ಲಿ ಹೆಚ್ಚುಕಮ್ಮಿ 5 ಲಕ್ಷ ಜನ ಇದ್ದರು. ಶೆಡ್ಡಿನಲ್ಲಿ ಆರು ತಿಂಗಳು ಇದ್ದು ಹೋಗುವವರು ಆ ಲೆಕ್ಕದಲ್ಲಿ ಇಲ್ಲ, ಅವರ ಕೇಸು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಟ್ಟಡ ಕೆಲಸ ಜಾಸ್ತಿ ಇರುವ ವಾರ್ಡಿನ ಎಪಿಐ ಅದಕ್ಕೇ ಸ್ವಲ್ಪ ಉಬ್ಬಿರುತ್ತದೆ.

ಇನ್ನು ಪ್ರೈವೇಟ್ ಆಸ್ಪತ್ರೆಗಳು. ಮಂಗಳೂರಿನಂಥ ಊರಿನಲ್ಲಿ ಜ್ವರ ಬಂದವರು ಓಡುವುದು ಹತ್ತಿರದ ಕ್ಲಿನಿಕ್ಕಿಗೆ. ಅವರ ವರದಿ ಸೇರದ ಲೆಕ್ಕ ಅರ್ಧ ಲೆಕ್ಕ. ಇಷ್ಟೇ ಹೇಳಿದರೆ ಸಾಕು.

ಮರುಕಳಿಸಿದ್ದನ್ನು ಬೇರೆ ಇಡಿ

ಪಿವಿ ಒಂದು ಕಳ್ಳ ರೋಗ. ಜ್ವರ ಬಿಟ್ಟರೂ ಕೆಲವು ಜೀವಿಗಳು ಲಿವರಿನಲ್ಲಿ ಮಲಗಿರುತ್ತವೆ, ವಾರಗಳೋ ತಿಂಗಳುಗಳೋ ಬಿಟ್ಟು ಏಳುತ್ತವೆ. ಅವನ್ನು ಕೊಲ್ಲಲು ಪ್ರಿಮಾಕ್ವಿನ್ ಮಾತ್ರೆ, ಸಾಮಾನ್ಯವಾಗಿ 14 ದಿನ. ಮೂರನೇ ದಿನಕ್ಕೆ ಮೈ ಹಗುರಾಗುತ್ತದೆ, ನಾಲ್ಕನೇ ದಿನ ಮಾತ್ರೆ ಡಬ್ಬಿ ಕಪಾಟು ಸೇರುತ್ತದೆ. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೂ ಹುಷಾರಾಗಿರಬೇಕು, ಹಾಗಾಗಿ ಡಾಕ್ಟರನ್ನು ಕೇಳದೆ ತಗೋಬೇಡಿ. ಲೆಕ್ಕದ ಮಟ್ಟಿಗೆ ಹೇಳುವುದಾದರೆ, ಕಳೆದ ವರ್ಷ ಮಾತ್ರೆ ಮುಗಿಸದವನಿಗೆ ಈ ವರ್ಷ ಬಂದ ಜ್ವರ ಹೊಸ ಸೊಳ್ಳೆಯ ತಪ್ಪೇ ಆಗಿರಬೇಕಿಲ್ಲ. "ಮುಂಚೆ ಯಾವಾಗ ಬಂದಿತ್ತು, ಮಾತ್ರೆ ಮುಗಿಸಿದ್ದಿರಾ" ಅಂತ ಒಂದು ಕಾಲಂ ಇಟ್ಟುಕೊಳ್ಳಿ.

ಮ್ಯಾಪಿನ ಮೇಲೆ ಚುಕ್ಕಿ, ಚುಕ್ಕಿಯ ಹಿಂದೆ ನೀರು

ಪ್ರತಿ ಕೇಸಿಗೂ ಮಲಗುವ ಜಾಗದಲ್ಲಿ ಒಂದು ಚುಕ್ಕಿ ಹಾಕಿ. ನಾಲ್ಕು ಚುಕ್ಕಿ ಒತ್ತೊತ್ತಾಗಿ ಬಂದರೆ ಅಲ್ಲಿಗೆ ಹೋಗಿ ನೋಡಿ. ಪೇಟೆಯಲ್ಲಿ ಮುಖ್ಯವಾಗಿ ಮಲೇರಿಯಾ ಹರಡುವ ಸೊಳ್ಳೆ ಅನಾಫಿಲಿಸ್ ಸ್ಟೀಫನ್ಸಿ. ಇದಕ್ಕೆ ಕೊಳಚೆ ಬೇಡ, ಶುದ್ಧ ನೀರು ಬೇಕು: ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಕ್ಯೂರಿಂಗ್‌ಗೆ (ಕಾಂಕ್ರೀಟ್ ಗಟ್ಟಿಯಾಗಲು) ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ. ಚರಂಡಿಗೆ ಹೊಗೆ ಬಿಟ್ಟು ಫೋಟೊ ತೆಗೆಸಿಕೊಂಡರೆ ಈ ಸೊಳ್ಳೆಗೆ ಬೇಜಾರೇನೂ ಆಗುವುದಿಲ್ಲ.

ಇನ್ನೊಂದು ವಿಷಯ ಯಾವಾಗಲೂ ತಪ್ಪಿ ಹೋಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ಸೊಳ್ಳೆಯೊಳಗೆ ಪರಾವಲಂಬಿ ಬಲಿಯಲು ಮತ್ತೆ ಹತ್ತು ದಿನದ ಮೇಲೆ. ಕಚ್ಚಿದ ಮೇಲೆ ಜ್ವರ ಬರಲು ಹೆಚ್ಚುಕಮ್ಮಿ ಎರಡು ವಾರ. ಕೂಡಿಸಿದರೆ ತಿಂಗಳು ದಾಟುತ್ತದೆ. ಅಂದರೆ ಇವತ್ತಿನ ಕೇಸು ಹೋದ ತಿಂಗಳು ನಿಂತ ನೀರಿನ ಫಲ. ನೀವು ಹೋಗಿ ನೋಡುವಾಗ ಸ್ಲ್ಯಾಬ್ ಒಣಗಿರಬಹುದು. "ಈಗ ಇಲ್ಲ ಸಾರ್" ಅನ್ನುವ ಮೇಸ್ತ್ರಿಯ ಮಾತೂ ಸುಳ್ಳಲ್ಲ. ಹೋದ ತಿಂಗಳು ಯಾವ ಮಹಡಿಗೆ ಕ್ಯೂರಿಂಗ್ ನಡೆದಿತ್ತು ಅಂತ ಕೇಳಿ.

ವರ್ಷ ವರ್ಷ ಹೋಲಿಸುವಾಗ

ಜೂನ್ ತಿಂಗಳನ್ನು ಫೆಬ್ರವರಿಗೆ ಹೋಲಿಸಬೇಡಿ, ಮಳೆಗಾಲದಲ್ಲಿ ಏರುವುದು ಇದ್ದದ್ದೇ. ಹಿಂದಿನ ಐದು ವರ್ಷದ ಅದೇ ವಾರದ ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿಯಿರಿ. 9, 11, 12, 14, 30 ಅಂತ ಇದ್ದರೆ ನಡುವಿನದು 12. ಸರಾಸರಿ ತೆಗೆದರೆ 15 ದಾಟುತ್ತದೆ, ಆ ಒಂದು ಕೆಟ್ಟ ವರ್ಷದ ದೆಸೆಯಿಂದ. ಈ ವಾರ 18 ಕೇಸ್ ಬಂದರೆ ನಡುವಿನ ಅಂಕಿಯ ಪ್ರಕಾರ ಒಂದೂವರೆ ಪಟ್ಟು, ಓಡಬೇಕು. ಸರಾಸರಿ ಹಿಡಿದು ಕೂತವರು ಇನ್ನೊಂದು ವಾರ ನೋಡೋಣ ಅನ್ನುತ್ತಾರೆ.

ಮಂಗಳೂರಿನಲ್ಲಿ ಇದನ್ನೆಲ್ಲ ಕಾಗದದಿಂದ ಟ್ಯಾಬಿಗೆ ತಂದದ್ದು 2015ರ ಅಕ್ಟೋಬರಿನಲ್ಲಿ. ಕೇಸ್ ಗೊತ್ತಾದ ಕೂಡಲೇ ಆ ಭಾಗದ ಕಾರ್ಯಕರ್ತರಿಗೆ ಮಾಹಿತಿ ಹೋಗುತ್ತದೆ. ಅವರು ಜಾಗಕ್ಕೆ ಹೋಗಿ ಗುರುತು ಹಾಕಿ, ಸುತ್ತಲಿನವರ ರಕ್ತ ತೆಗೆದು, ನೀರು ಹುಡುಕಬೇಕು. ಐದು ವರ್ಷದಲ್ಲಿ ಎಪಿಐ 16ರ ಆಸುಪಾಸಿನಿಂದ 3ಕ್ಕಿಂತ ಕೆಳಗೆ ಇಳಿಯಿತು, ಅಂದರೆ ಶೇ 80ಕ್ಕೂ ಮೀರಿದ ಇಳಿಕೆ. ದೊಡ್ಡ ಕೆಲಸವೇ, ಅನುಮಾನವಿಲ್ಲ. ಆದರೆ ಐದನೇ ವರ್ಷ ಅಂದರೆ 2019ರ ಅಕ್ಟೋಬರಿನಿಂದ 2020ರ ಸೆಪ್ಟೆಂಬರ್, ಲಾಕ್‌ಡೌನ್ ಬಂದದ್ದು ಅದರ ನಡುವೆಯೇ. ಸೈಟುಗಳು ನಿಂತವು, ಕೆಲಸದವರು ಊರಿಗೆ ಹೊರಟರು, ಜ್ವರ ಅಂದರೆ ಎಲ್ಲರ ತಲೆಯಲ್ಲೂ ಕೊರೊನಾ. ಆ ಒಂದು ವರ್ಷದ ಅಂಕಿಯ ಪಕ್ಕ ನಾನಾದರೆ ಪೆನ್ಸಿಲಿನಲ್ಲಿ ಒಂದು ನಕ್ಷತ್ರ ಹಾಕಿಡುತ್ತೇನೆ.

ಲೆಕ್ಕ ಚಿಕ್ಕದಾದಾಗ ಮೈಮರೆಯುವುದು ಸುಲಭ. ಆಫ್ರಿಕಾದ ಜಿಬೂಟಿ ಮಲೇರಿಯಾ ಮುಗಿಯಿತು ಅನ್ನುವ ಹಂತದಲ್ಲಿತ್ತು, 2012ರಲ್ಲಿ 27 ಕೇಸ್. ಅದೇ ವರ್ಷ ಅಲ್ಲಿ ನಮ್ಮ ಕಡೆಯ ಈ ಸ್ಟೀಫನ್ಸಿ ಸೊಳ್ಳೆ ಕಾಣಿಸಿಕೊಂಡಿತು. 2020ಕ್ಕೆ 73,000 ದಾಟಿತ್ತು.

ಭಾರತ 2027ರೊಳಗೆ ಇಲ್ಲೇ ಹತ್ತುವ ಕೇಸುಗಳನ್ನು ಸೊನ್ನೆಗೆ ತರುವ ಗುರಿ ಇಟ್ಟುಕೊಂಡಿದೆ. ಸೊನ್ನೆ ಬಂದ ಮೇಲೂ ಒಂದು ದೇಶ ಮೂರು ವರ್ಷ ಹಾಗೇ ಉಳಿದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಡುವುದು. ಆ ಮೂರೂ ವರ್ಷ ಸ್ಲೈಡ್ ತೆಗೆಯುತ್ತಲೇ ಇರಬೇಕು, ನೆಗೆಟಿವ್ ನೆಗೆಟಿವ್ ಅಂತ ಬರೆಯುತ್ತಲೇ ಇರಬೇಕು. ಮುಂದಿನ ವಾರ್ಡ್ ಸಭೆಯಲ್ಲಿ "ನಮ್ಮಲ್ಲಿ ಕೇಸೇ ಇಲ್ಲ" ಅಂತ ಯಾರಾದರೂ ಹೇಳಿದರೆ, ಈ ತಿಂಗಳು ಎಷ್ಟು ಸ್ಲೈಡ್ ನೋಡಿದಿರಿ ಅಂತ ಕೇಳಿ, ಉತ್ತರವನ್ನು ತಾರೀಖಿನ ಜತೆ ಬರೆದಿಟ್ಟುಕೊಳ್ಳಿ.