ಬೈಕ್ ಎಂಜಿನ್‌ನಲ್ಲಿ ಆಯಿಲ್ ಲೀಕ್: ಗ್ಯಾಸ್ಕೆಟ್ ಕೆಲಸ ವಾರಂಟಿಯಲ್ಲೇ ಮಾಡಿಸಿಕೊಳ್ಳುವುದು ಹೇಗೆ?

ಎಂಜಿನ್ ಪಕ್ಕದಲ್ಲಿ ಆಯಿಲ್ ಜಿನುಗಿದ್ದು ಕಂಡ ಕೂಡಲೇ ಹೆಚ್ಚಿನವರು ಬಟ್ಟೆ ತಗೊಂಡು ಒರೆಸಿಬಿಡುತ್ತಾರೆ. ಆಮೇಲೆ ಸ್ಪ್ಯಾನರ್ ಹಿಡಿದು ಸುತ್ತಲಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡುತ್ತಾರೆ. ಕೊನೆಗೆ ಬೈಕನ್ನು ಚೆನ್ನಾಗಿ ತೊಳೆಸಿ ಸರ್ವಿಸ್ ಸೆಂಟರ್‌ಗೆ ಒಯ್ಯುತ್ತಾರೆ. ಅಲ್ಲಿ "ಲೀಕ್ ಎಲ್ಲಿದೆ ತೋರಿಸಿ" ಅಂದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಜಾಬ್ ಕಾರ್ಡ್‌ನಲ್ಲಿ (ಬೈಕಿನ ದೂರು, ಮಾಡಬೇಕಾದ ಕೆಲಸ ಬರೆಯುವ ಚೀಟಿ) "ಜನರಲ್ ಚೆಕಪ್" ಎಂದಷ್ಟೇ ಬರೆಯುತ್ತಾರೆ. ಕೆಲವು ತಿಂಗಳ ನಂತರ ವಾರಂಟಿ ಮುಗಿಯುತ್ತದೆ, ಅದೇ ಲೀಕು ಜೋರಾಗುತ್ತದೆ, ಬಿಲ್ಲು ಮಾಲೀಕನ ಮೇಲೆ ಬೀಳುತ್ತದೆ.

ಗ್ಯಾಸ್ಕೆಟ್ ಅಂದರೆ ಎಂಜಿನ್‌ನ ಎರಡು ಭಾಗ ಸೇರುವ ಕಡೆ ಸೋರದಂತೆ ನಡುವೆ ಇಡುವ ತೆಳುವಾದ ಪದರ. ಗ್ಯಾಸ್ಕೆಟ್ ಕೆಲಸದಲ್ಲಿ ಕಷ್ಟದ್ದು ಎಂಜಿನ್ ಬಿಚ್ಚುವುದಲ್ಲ, ಅದನ್ನು ಮೆಕ್ಯಾನಿಕ್ ಮಾಡುತ್ತಾನೆ. ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಸರಿಯಾಗಿ ಹಿಡಿಯುವುದು, ಅದನ್ನು ಕಾಗದದ ಮೇಲೆ ತರುವುದು, ಇವೆರಡೇ ಕಷ್ಟ. ಇವೆರಡೂ ಮಾಲೀಕನ ಕೆಲಸ.

ಮೊದಲು: ಓಡಿಸಬಹುದಾ, ನಿಲ್ಲಿಸಬೇಕಾ?

ಕವರಿನ ಅಂಚಿನಲ್ಲಿ ಬರೀ ಜಿಡ್ಡು, ಧೂಳು ಅಂಟಿದ್ದರೆ ಗಾಬರಿ ಬೇಡ. ಆಯಿಲ್ ಲೆವೆಲ್ ನೋಡಿಕೊಂಡು ಸರ್ವಿಸ್ ಸೆಂಟರ್‌ವರೆಗೆ ಓಡಿಸಬಹುದು. ನೆಲಕ್ಕೆ ತೊಟ್ಟಿಕ್ಕುತ್ತಿದ್ದರೆ, ಹಿಂದಿನ ಟೈರಿಗೆ ಆಯಿಲ್ ಹಾರುತ್ತಿದ್ದರೆ ಅಥವಾ ಟೆಂಪರೇಚರ್ ಲೈಟ್ ಹತ್ತಿದರೆ ಬೈಕನ್ನು ಅಲ್ಲೇ ನಿಲ್ಲಿಸಿ, ಗಾಡಿಯ ಮೇಲೆ ಹಾಕಿಸಿಕೊಂಡು ಹೋಗಿ. ಲೈಟ್ ಹತ್ತಿದ ಮೇಲೂ ಓಡಿಸಿದರೆ ಹೆಡ್ (ಸಿಲಿಂಡರ್ ಮೇಲೆ ಮುಚ್ಚಳದಂತೆ ಕೂರುವ ಭಾಗ) ಡೊಂಕಾಗಬಹುದು. ಆಗ "ಎಚ್ಚರಿಕೆ ಕಂಡರೂ ಓಡಿಸಿದ್ದೀರಿ" ಎಂದು ವಾರಂಟಿ ತಳ್ಳಿಹಾಕಲು ಅವರಿಗೂ ಒಂದು ಕಾರಣ ಸಿಗುತ್ತದೆ.

ಲೀಕಿನ ಮೂಲ ಹಿಡಿಯುವುದು

ಇಲ್ಲಿ ಆತುರ ಮಾಡಬೇಡಿ. ಮೊದಲು ಇದ್ದದ್ದು ಇದ್ದಂತೆಯೇ ಫೋಟೋ ತೆಗೆಯಿರಿ. ಎಂಜಿನ್‌ನ ಎಡಗಡೆ, ಬಲಗಡೆ, ಕೆಳಗಡೆ, ಜೊತೆಗೆ ಕಿಲೋಮೀಟರ್ ಕಾಣುವಂತೆ ಮೀಟರಿನದೊಂದು. ಒರೆಸುವುದು ಇದಾದ ಮೇಲೆ.

ಎಂಜಿನ್ ತಣ್ಣಗಾದ ಮೇಲೆ ಡಿಗ್ರೀಸರ್ ಹಾಕಿ ಬ್ರಷ್‌ನಿಂದ ಆ ಜಾಗವನ್ನಷ್ಟೇ ಉಜ್ಜಿ. ಪ್ರೆಶರ್ ವಾಷ್ ಮಾಡಿಸಲೇಬೇಡಿ. ಆ ರಭಸಕ್ಕೆ ನೀರು ಸೀಲ್‌ಗಳ ಒಳಗೂ ವೈರಿಂಗ್ ಕನೆಕ್ಟರ್‌ಗಳ ಒಳಗೂ ನುಗ್ಗುತ್ತದೆ. ಪೆಟ್ರೋಲ್ ಹಾಕಿ ತೊಳೆಯುವುದೂ ಬೇಡ, ಬೆಂಕಿಯ ಅಪಾಯ. ಒಣಬಟ್ಟೆಯಿಂದ ಒರೆಸಿ, ಎಂಜಿನ್ ಸ್ವಲ್ಪ ಹೊತ್ತು ಚಾಲೂ ಇಟ್ಟು ಪೂರ್ತಿ ಆರಲು ಬಿಡಿ. ಬೋಲ್ಟಿನ ತಲೆಯ ಸುತ್ತ, ಫಿನ್‌ಗಳ (ಎಂಜಿನ್ ತಣಿಸುವ ಲೋಹದ ಪಟ್ಟಿಗಳ) ಸಂದಿಯಲ್ಲಿ ಹಳೆ ಆಯಿಲ್ ಉಳಿದರೆ ಮುಂದಿನ ಪರೀಕ್ಷೆಯೆಲ್ಲ ವ್ಯರ್ಥ. ಅದಕ್ಕೆ ಹತ್ತಿ ಕಡ್ಡಿ ಬಳಸಿ.

ಈಗ ಸಾದಾ ಟಾಲ್ಕಂ ಪೌಡರ್ ಅನ್ನು ಅನುಮಾನವಿರುವ ಜಾಯಿಂಟ್ ಮೇಲೆ ತೆಳ್ಳಗೆ ಉದುರಿಸಿ. ಏರ್ ಫಿಲ್ಟರ್ ಕಡೆ ಹೋಗದಂತೆ ನೋಡಿಕೊಳ್ಳಿ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರಿನ ಮೇಲೆ ಆಯಿಲ್ ಬಂದ ಜಾಗ ಕಪ್ಪಗೆ ಒದ್ದೆಯಾಗಿ ಎದ್ದು ಕಾಣುತ್ತದೆ. ಶುರುವಿನಲ್ಲಿ ಅದು ಕೂದಲೆಳೆಯಷ್ಟು ಗೆರೆಯಾಗಿರುತ್ತದೆ, ಕೆಳಗಿಳಿದಂತೆ ಅಗಲವಾಗುತ್ತದೆ.

ನೆನಪಿಡಬೇಕಾದ್ದು: ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಕ್ಲಚ್ ಕವರ್ ಕೆಳಗೆ ತೊಟ್ಟಿಕ್ಕುತ್ತಿದೆ ಎಂದು ಕ್ಲಚ್ ಕವರ್ ಗ್ಯಾಸ್ಕೆಟ್ ಬದಲಿಸಿ, ಆಮೇಲೆ ನೋಡಿದರೆ ಎಂಜಿನ್‌ನ ಮೇಲ್ತುದಿಯ ಟ್ಯಾಪೆಟ್ ಕವರ್‌ನಿಂದ ಇಳಿದು ಬರುತ್ತಿತ್ತು ಎಂಬುದು ವರ್ಕ್‌ಶಾಪ್‌ಗಳಲ್ಲಿ ದಿನನಿತ್ಯದ ಮಾತು. ಓಡಿಸಿ ಬಂದ ಮೇಲೆ ಸೈಡ್ ಸ್ಟ್ಯಾಂಡ್ ಹಾಕಬೇಡಿ. ಬೈಕು ಎಡಕ್ಕೆ ವಾಲಿ ಗುರುತೆಲ್ಲ ಎಡಕ್ಕೇ ಹರಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಲ್ಲದಿದ್ದರೆ ಯಾರಾದರೂ ನೇರವಾಗಿ ಹಿಡಿದುಕೊಳ್ಳಲಿ.

ಕೆಲವು ಲೀಕುಗಳು ಎಂಜಿನ್ ಬಿಸಿಯಾದಾಗ ಮಾತ್ರ ಬರುತ್ತವೆ, ಕೆಲವು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ. ಹಾಗಾಗಿ ರಾತ್ರಿ ಕೆಳಗೆ ಒಂದು ರಟ್ಟು ಹಾಸಿ, ಮುಂದಿನ ಚಕ್ರ ಯಾವ ಕಡೆ ಅಂತ ಅದರ ಮೇಲೆ ಬಾಣ ಹಾಕಿಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡಿ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಹಸಿರು, ನೀಲಿ ಅಥವಾ ಗುಲಾಬಿ ಬಣ್ಣದಲ್ಲಿರುತ್ತದೆ, ಮುಟ್ಟಿದರೆ ಆಯಿಲ್‌ನಷ್ಟು ಜಿಡ್ಡಿರುವುದಿಲ್ಲ.

ಪೌಡರ್ ಮೇಲೆ ಗೆರೆ ಮೂಡಿತು ಅಂದ ಮೇಲೆ ಮತ್ತೆ ಒರೆಸಬೇಡಿ. ಫೋಟೋ, ವಿಡಿಯೋ ತೆಗೆದು ಹಾಗೆಯೇ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಗ್ಯಾಸ್ಕೆಟ್ ಅಲ್ಲದ ಲೀಕುಗಳು

ಮುಂದಿನ ಸ್ಪ್ರಾಕೆಟ್ ಹತ್ತಿರದ ಕಪ್ಪು ಜಿಡ್ಡು ಬಹಳ ಸಲ ಬರೀ ಚೈನ್ ಲ್ಯೂಬ್. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅಲ್ಲಿಂದ ಕೂಲಂಟ್ ಬಂದರೆ ಪಂಪಿನ ಮೆಕ್ಯಾನಿಕಲ್ ಸೀಲ್ ಹೋಗಿದೆ, ಆಯಿಲ್ ಬಂದರೆ ಆಯಿಲ್ ಸೀಲ್ ಹೋಗಿದೆ. ಆ ತೂತಿಗೆ ಪೇಸ್ಟ್ ತುಂಬಿ ಮುಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಬರಬೇಕಾದ್ದು ಒಳಗೇ ಬೆರೆಯುತ್ತದೆ.

ಇನ್ನೆರಡು ವಿಷಯ ನೋಡಿ. ಆಯಿಲ್ ಜಾಸ್ತಿ ತುಂಬಿದ್ದರೂ, ಕ್ರ್ಯಾಂಕ್‌ಕೇಸಿನ (ಎಂಜಿನ್‌ನ ಕೆಳಭಾಗದ ಗೂಡಿನ) ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಒಳಗೆ ಒತ್ತಡ ಏರಿ ಒಳ್ಳೇ ಗ್ಯಾಸ್ಕೆಟ್ಟೇ ಜಿನುಗಲು ಶುರುವಾಗುತ್ತದೆ. ಇವೆರಡನ್ನು ಸರಿಮಾಡದೆ ಗ್ಯಾಸ್ಕೆಟ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಆಯಿಲ್ ಲೆವೆಲ್ ನೋಡುವಾಗ ಬೈಕು ನೇರವಾಗಿ ನಿಂತಿರಬೇಕು. ಡಿಪ್‌ಸ್ಟಿಕ್ ತಿರುಗಿಸಿ ಬಿಗಿ ಮಾಡಿ ನೋಡಬೇಕಾ, ಸುಮ್ನೆ ಇಳಿಬಿಟ್ಟು ನೋಡಬೇಕಾ ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಕೈಪಿಡಿ ನೋಡಿ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ

ಟ್ಯಾಪೆಟ್ ಕವರ್, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಇವುಗಳ ಗ್ಯಾಸ್ಕೆಟ್ ಹೋದರೆ ಆಯಿಲ್ ಹೊರಗೆ ಬರುತ್ತದೆ, ಅಷ್ಟೇ. ಹೆಡ್ಡಿಗೂ ಬ್ಲಾಕಿಗೂ ನಡುವಿನದು ಹಾಗಲ್ಲ. ಅದು ಉರಿಯುವ ಗ್ಯಾಸಿನ ಒತ್ತಡ, ಆಯಿಲ್, ಕೂಲಂಟ್ ಮೂರನ್ನೂ ತಡೆಯಬೇಕು. ಹೊರಗೆ ಒಂದು ತೊಟ್ಟೂ ಬೀಳದೆ ಒಳಗೇ ಹಾಳಾಗಬಹುದು.

ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ, ಎಲ್ಲೂ ಸೋರದೆ ಕಡಿಮೆಯಾಗುವ ಕೂಲಂಟ್, ರಿಸರ್ವ್ ಟ್ಯಾಂಕ್‌ನಲ್ಲಿ ಗುಳ್ಳೆ, ಪಿಕಪ್ ಬಿದ್ದುಹೋಗುವುದು: ಇವು ಒಟ್ಟಿಗೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ನೀಲಿ ಹೊಗೆ ಬೇರೆ ಕಥೆ, ಅದು ಆಯಿಲ್ ಉರಿಯುತ್ತಿರುವುದು. ಆಯಿಲ್ ಕ್ಯಾಪ್ ಒಳಗೆ ಹಾಲುಬಣ್ಣದ ನೊರೆ ಕಂಡಾಕ್ಷಣ ತೀರ್ಮಾನಕ್ಕೆ ಬರಬೇಡಿ. ಚಳಿಯಲ್ಲಿ ಹತ್ತಿರ ಹತ್ತಿರದ ಓಡಾಟ ಮಾತ್ರ ಮಾಡಿದರೆ ಒಳಗಿನ ತೇವ ಆವಿಯಾಗದೆ ಹಾಗೆ ಕಾಣಬಹುದು. ಕೂಲಂಟ್ ಲೆವೆಲ್ ಇಳಿದಿದೆಯಾ ಎಂಬುದನ್ನೂ ಜೊತೆಗೆ ನೋಡಿ. ಗಾಳಿಯಿಂದಲೇ ತಣಿಯುವ ಎಂಜಿನ್‌ನಲ್ಲಿ ಕೂಲಂಟೇ ಇರುವುದಿಲ್ಲ, ಅಲ್ಲಿ ಈ ನೊರೆಗೆ ಹೆಡ್ ಗ್ಯಾಸ್ಕೆಟ್ ಕಾರಣವಲ್ಲ. ರೇಡಿಯೇಟರ್ ಕ್ಯಾಪನ್ನು ಬಿಸಿ ಇದ್ದಾಗ ತೆಗೆಯಲೇಬೇಡಿ, ಮುಖಕ್ಕೆ ಎರಚುತ್ತದೆ.

ಸರ್ವಿಸ್ ಸೆಂಟರ್‌ನಲ್ಲಿ ಲೀಕ್‌ಡೌನ್ ಟೆಸ್ಟ್ ಮಾಡಿ ಎಂದು ಕೇಳಿ. ಪಿಸ್ಟನ್ ಮೇಲಿದ್ದು ವಾಲ್ವ್‌ಗಳು ಮುಚ್ಚಿರುವಾಗ ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ಬಿಡುತ್ತಾರೆ. ಆ ಗಾಳಿ ಸೈಲೆನ್ಸರ್‌ನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ತೂತಿನಲ್ಲಿ ಬಂದರೆ ಪಿಸ್ಟನ್ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ಎಂಜಿನ್ ಬಿಚ್ಚದೆಯೇ ಇಷ್ಟೆಲ್ಲ ತಿಳಿಯುತ್ತದೆ.

ಮುಟ್ಟಬಾರದ ವಸ್ತುಗಳು

ರೇಡಿಯೇಟರ್‌ಗೆ ಸುರಿಯುವ "ಲೀಕ್ ಸ್ಟಾಪ್" ದ್ರವ ತರಲೇಬೇಡಿ. ಬೈಕಿನ ರೇಡಿಯೇಟರ್‌ನ ದಾರಿಗಳು ಬಹಳ ಕಿರಿದು, ಅದು ಅಲ್ಲೇ ಕಟ್ಟಿಕೊಳ್ಳುತ್ತದೆ. ಆಯಿಲ್‌ಗೆ ಬೆರೆಸುವಂಥವೂ ಬೇಡ. ಬಹುತೇಕ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಸ್ಲಿಪ್ ಆಗಲು ಶುರುವಾದರೆ ಇನ್ನೊಂದು ತಲೆನೋವು. ಹೊರಗಿನಿಂದ ಸಿಲಿಕಾನ್ ಪೇಸ್ಟ್ ಮೆತ್ತುವುದಂತೂ ಎರಡು ಬಗೆಯ ನಷ್ಟ: ಲೀಕ್ ನಿಲ್ಲುವುದಿಲ್ಲ, ಮತ್ತು "ಹೊರಗಡೆ ಯಾರೋ ಬಿಚ್ಚಿದ್ದಾರೆ" ಎಂಬ ಅನುಮಾನ ಹುಟ್ಟುತ್ತದೆ. ಬೋಲ್ಟ್ ಬಿಗಿ ಮಾಡುವುದೂ ಹಾಗೆಯೇ. ಕವರುಗಳ 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು. ಕೈಬಲಕ್ಕೆ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಆ ಥ್ರೆಡ್‌ಗೆ ವಾರಂಟಿ ಕೇಳುವ ಹಾಗಿಲ್ಲ.

ವಾರಂಟಿ ಪುಸ್ತಕ, ಜಾಬ್ ಕಾರ್ಡ್

ಹೋಗುವ ಮುಂಚೆ ವಾರಂಟಿ ಪುಸ್ತಕದಲ್ಲಿ "ಒಳಗೊಳ್ಳದವು" ಎಂಬ ಭಾಗ ಓದಿ. ಸವೆಯುವ ಭಾಗಗಳು, ರಬ್ಬರ್ ಭಾಗಗಳು, ಕೆಲವೆಡೆ ಗ್ಯಾಸ್ಕೆಟ್‌ಗಳೂ ಆ ಪಟ್ಟಿಯಲ್ಲಿ ಇರುತ್ತವೆ. ಕೆಲವರು "ಸಹಜ ಜಿನುಗು" ಎಂದು ಬೇರೆ ಸಾಲೇ ಹಾಕಿರುತ್ತಾರೆ. ಹಾಗಿದ್ದರೂ ಸೋಲೊಪ್ಪಬೇಡಿ. ಹೆಡ್ ಡೊಂಕಾಗಿದ್ದಕ್ಕೆ, ಕವರಿನ ಎರಕದಲ್ಲಿ ದೋಷವಿದ್ದುದಕ್ಕೆ ಲೀಕ್ ಬಂದಿದ್ದರೆ ತಪ್ಪು ಆ ಭಾಗದ್ದು, ಗ್ಯಾಸ್ಕೆಟ್ಟಿನದಲ್ಲ. ಅದನ್ನೇ ಎತ್ತಿ ಹಿಡಿಯಿರಿ. ಪ್ರತಿ ಸರ್ವಿಸ್‌ನ ಬಿಲ್ಲು, ಯಾವ ಗ್ರೇಡಿನ ಆಯಿಲ್ ಹಾಕಿದ್ದು ಎಂಬ ದಾಖಲೆ ಕೈಯಲ್ಲಿರಲಿ.

ಜಾಬ್ ಕಾರ್ಡ್ ಬರೆಯುವಾಗ ಪಕ್ಕದಲ್ಲೇ ನಿಲ್ಲಿ. "ಆಯಿಲ್ ಲೀಕ್, ಚೆಕ್ ಮಾಡಿ" ಎಂದು ಬರೆದರೆ ಒರೆಸಿ ವಾಪಸ್ ಕೊಡುತ್ತಾರೆ. ಹೀಗೆ ಬರೆಸಿ: "ಸಿಲಿಂಡರ್ ಹೆಡ್ ಮತ್ತು ಬ್ಲಾಕ್ ನಡುವೆ, ಬಲಬದಿಯ ಮುಂಭಾಗದಿಂದ ಆಯಿಲ್ ಬರುತ್ತಿದೆ. ಒರೆಸಿ 20 ನಿಮಿಷ ಓಡಿಸಿದರೆ ಮತ್ತೆ ಕಾಣುತ್ತದೆ. ಫೋಟೋ ತೋರಿಸಲಾಗಿದೆ." ಕಿಲೋಮೀಟರ್, ತಾರೀಖು, "ಪರೀಕ್ಷೆಗೆ ಮೊದಲು ವಾಷ್ ಮಾಡಬಾರದು" ಎಂಬ ಸಾಲೂ ಇರಲಿ. ಕೊನೆಯದನ್ನು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ತೊಳೆಯುವ ಹುಡುಗನಿಗೆ ಆ ಮಾತು ತಲುಪುವುದೇ ಇಲ್ಲ, ಬೈಕು ಒಳಗೆ ಹೋದ ತಕ್ಷಣ ನೀರು ಬಿಡುವುದು ಅಲ್ಲಿನ ಅಭ್ಯಾಸ. ಕಾರ್ಡಿನ ಪ್ರತಿ ಕೈಗೆ ಬರದೆ ಕೀ ಕೊಡಬೇಡಿ.

"ಇದೆಲ್ಲ ನಾರ್ಮಲ್, ಎಲ್ಲ ಬೈಕಲ್ಲೂ ಬರುತ್ತೆ" ಎಂದರೆ ಜಗಳ ಬೇಡ. ಅದನ್ನೇ ಕಾರ್ಡ್ ಮೇಲೆ ಬರೆದು ಸಹಿ ಹಾಕಿಕೊಡಿ ಎನ್ನಿ. ಕೊಡದಿದ್ದರೆ ಅದೇ ದಿನ ಫೋಟೋ, ಕಾರ್ಡಿನ ಪ್ರತಿ ಸಮೇತ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿ. ವಾರಂಟಿ ಅವಧಿಯೊಳಗೆ ದೂರು ದಾಖಲಾಗಿತ್ತು ಎಂಬುದಕ್ಕೆ ಆ ಇಮೇಲ್ ಸಾಕ್ಷಿ. ಅವಧಿ ಮುಗಿದ ಮೇಲೆ ವಾದಿಸಲು ಇದೇ ಬೇಕಾಗುವುದು.

ಕೆಲಸ ನಡೆಯುವಾಗ

ಸಾಧ್ಯವಾದರೆ ಎಂಜಿನ್ ಬಿಚ್ಚಿದಾಗ ಹೋಗಿ ನೋಡಿ. ಹಳೆ ಗ್ಯಾಸ್ಕೆಟ್ ಕೆರೆಯಲು ಸ್ಕ್ರೂಡ್ರೈವರ್ ಬಳಸಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಹೊಸ ಲೀಕಿಗೆ ಅದೇ ದಾರಿ. ಗ್ರೈಂಡರ್‌ಗೆ ಉಜ್ಜುವ ಡಿಸ್ಕ್ ಹಾಕಿ ತಿರುಗಿಸುವುದು ಅದಕ್ಕಿಂತ ಕೆಟ್ಟದ್ದು. ಅದರ ಪುಡಿ ಆಯಿಲ್‌ಗೆ ಸೇರಿ ಬೇರಿಂಗ್ ತಿನ್ನುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ರಿಮೂವರ್, ತಾಳ್ಮೆ ಇಷ್ಟೇ ಬೇಕಾದ್ದು. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ಡೊಂಕು ಅಳೆಯಬೇಕು. ಬಹಳಷ್ಟು ಕೈಪಿಡಿಗಳಲ್ಲಿ ಮಿತಿ 0.05ರಿಂದ 0.10 ಮಿ.ಮೀ. ಮಾತ್ರ. ಅಳೆಯದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಕಾರಣ ಅಲ್ಲೇ ಉಳಿಯುತ್ತದೆ.

ಒಮ್ಮೆ ಬಿಗಿದ ಹೆಡ್ ಗ್ಯಾಸ್ಕೆಟ್ ಮತ್ತೆ ಹಾಕುವಂತಿಲ್ಲ. ಭಾಗಗಳನ್ನು ಸರಿಯಾಗಿ ಕೂರಿಸುವ ಡೋವೆಲ್ ಪಿನ್‌ಗಳು ಜಾಗದಲ್ಲಿರಬೇಕು. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು. ಸೀಲಂಟ್ ಕೆಟ್ಟದ್ದೇನಲ್ಲ, ಟ್ಯಾಪೆಟ್ ಕವರಿನ ಅರ್ಧಚಂದ್ರಾಕಾರದ ಮೂಲೆಗಳಂಥ ಕಡೆ ಕೈಪಿಡಿಯೇ ಹಾಕಲು ಹೇಳುತ್ತದೆ. ಆದರೆ ಧಾರಾಳವಾಗಿ ಹಾಕಿದರೆ ಹೆಚ್ಚಾದದ್ದು ಒಳಕ್ಕೆ ಉಬ್ಬಿ, ತುಂಡಾಗಿ ಆಯಿಲ್ ಸೋಸುವ ಸ್ಟ್ರೈನರ್‌ಗೆ ಸಿಕ್ಕಿಕೊಳ್ಳುತ್ತದೆ.

ಬೈಕ್ ವಾಪಸ್ ತೆಗೆದುಕೊಳ್ಳುವಾಗ

ಯಾವ ಭಾಗ ಬದಲಾಯಿತು, ಯಾವ ಕಾರಣಕ್ಕೆ ಎಂಬುದು ಬಿಲ್ಲಿನಲ್ಲಿ ಬರಲಿ, ಮೊತ್ತ ಸೊನ್ನೆಯಾದರೂ ಸರಿ. ವಾರಂಟಿಯಲ್ಲಿ ತೆಗೆದ ಹಳೆ ಭಾಗ ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ. ಮನೆಗೆ ತರಲಾಗದಿದ್ದರೂ ಫೋಟೋ ತೆಗೆದುಕೊಳ್ಳಿ. ಬದಲಿಸಿದ ಭಾಗಕ್ಕೆ ಹೊಸ ಅವಧಿಯಾ, ಉಳಿದ ಅವಧಿ ಮಾತ್ರವಾ ಎಂದು ಕೇಳಿ ಬರೆಸಿಕೊಳ್ಳಿ. ಎಂಜಿನ್ ಆಯಿಲ್ ಹೊಸದಾಗಿ ತುಂಬಿದ್ದಾರಾ, ಕೂಲಂಟ್ ಲೆವೆಲ್ ಸರಿಯಿದೆಯಾ ನೋಡಿ.

ವಾರದ ನಂತರ ಅದೇ ಜಾಯಿಂಟ್ ಒರೆಸಿ, ಮತ್ತೆ ಪೌಡರ್ ಹಾಕಿ ಓಡಿಸಿ. ಬಿಚ್ಚುವಾಗ ಚೆಲ್ಲಿದ ಆಯಿಲ್ ಫಿನ್‌ಗಳ ನಡುವೆ ಉಳಿದು ಮೊದಲ ಕೆಲವು ದಿನ ಲೀಕಿನಂತೆಯೇ ಕಾಣುತ್ತದೆ, ಅದಕ್ಕೇ ಒಂದು ವಾರ ಬಿಡಿ ಎಂದದ್ದು. ಆಮೇಲೂ ಗೆರೆ ಮೂಡಿದರೆ ಅದೇ ದಿನ ಹೋಗಿ ಹೊಸ ಜಾಬ್ ಕಾರ್ಡ್ ಮಾಡಿಸಿ, ಹಳೆ ಕಾರ್ಡಿನ ನಂಬರ್ ಅದರಲ್ಲಿ ಬರೆಸಿ.