ಗ್ಯಾಲಕ್ಸಿಗಳಿಗೆ ಕಾಂತಕ್ಷೇತ್ರ ಎಲ್ಲಿಂದ ಬಂತು? ಪಿಯುಸಿ ಮಕ್ಕಳಿಗೆ ಹೇಳಿಕೊಡುವುದು ಹೀಗೆ

ಈ ಕ್ಷೇತ್ರ ಹುಟ್ಟಲು ಡಾರ್ಕ್ ಮ್ಯಾಟರ್, ಅಂದರೆ ಬೆಳಕಿಗೆ ಕಾಣದೆ ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ, ಕಾರಣ ಇರಬಹುದು ಎಂಬ ಊಹೆಯೊಂದಿದೆ. ಆದರೆ ಪಾಠವನ್ನು ಅದರಿಂದ ಶುರು ಮಾಡಬೇಡಿ. ಮಕ್ಕಳು ಆ ಹೆಸರಿಗೇ ಮರುಳಾಗಿ, ಅಸಲಿ ಪ್ರಶ್ನೆಯನ್ನೇ ಮರೆತುಬಿಡುತ್ತಾರೆ.

ಮಳೆಗಾಲದಲ್ಲಂತೂ ಆಗುಂಬೆ, ಹೊಸನಗರ ಕಡೆ ನಕ್ಷತ್ರ ಕಾಣುವುದೇ ಅಪರೂಪ. ಮಾರ್ಚ್ ಕೊನೆಯ ಅಮಾವಾಸ್ಯೆ ಆಸುಪಾಸಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಆಗ್ನೇಯಕ್ಕೆ ತೋರಿಸಿ, ಆಕಾಶಗಂಗೆ ದಟ್ಟವಾಗಿರುತ್ತದೆ. ಕೈಗೊಂದು ಕಂಪಾಸ್ ಕೊಡಿ. ಅದರ ಮುಳ್ಳು ತಿರುಗಿಸುವ ಭೂಮಿಯ ಕ್ಷೇತ್ರ ನಮ್ಮಲ್ಲಿ ಸುಮಾರು 0.4 ಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ). ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯದ್ದು ಅದರ ಹೆಚ್ಚುಕಡಿಮೆ ಲಕ್ಷದಲ್ಲೊಂದು ಪಾಲು, ಆದರೆ ಸಾವಿರಾರು ಜ್ಯೋತಿರ್ವರ್ಷ ಹರಡಿಕೊಂಡಿದೆ.

ಈಗ ಜನರೇಟರ್ ವಿಷಯಕ್ಕೆ ಬನ್ನಿ. ಹಳ್ಳದ ನೀರಿಗೆ ಟರ್ಬೈನ್ ಇಟ್ಟುಕೊಂಡ ಮನೆ ಮಲೆನಾಡಿನಲ್ಲಿ ಎಷ್ಟೋ ಇವೆ, ಅಲ್ವಾ. ಕೆಲವು ಜನರೇಟರ್‌ಗಳು ಬಹಳ ದಿನ ಸುಮ್ನೆ ನಿಂತರೆ ಒಳಗೆ ಉಳಿದಿದ್ದ ಚೂರು ಕಾಂತತ್ವವೂ ಹೋಗಿ, ಎಷ್ಟು ತಿರುಗಿದರೂ ಕರೆಂಟ್ ಕೊಡುವುದಿಲ್ಲ. ಆಗ ಬ್ಯಾಟರಿ ಮುಟ್ಟಿಸಿ ಎಬ್ಬಿಸಬೇಕು. ಗ್ಯಾಲಕ್ಸಿಯೂ ತಿರುಗುತ್ತಾ ತನ್ನ ಕ್ಷೇತ್ರವನ್ನು ಬೆಳೆಸಿಕೊಳ್ಳಬಲ್ಲದು, ಸೊನ್ನೆಯಿಂದ ಮಾತ್ರ ಆಗದು. ಮೊದಲ ಬೀಜ ಯಾರು ಹಾಕಿದರು? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುವವರೆಗೆ ಕಾಯಿರಿ.

1950ರಲ್ಲಿ ಜರ್ಮನಿಯ ಖಗೋಳ ವಿಜ್ಞಾನಿ ಲುಡ್ವಿಗ್ ಬಿಯರ್‌ಮನ್ ಒಂದು ಉತ್ತರ ಕೊಟ್ಟರು: ಬಿಸಿ ಅನಿಲದಲ್ಲಿ ಹಗುರ ಎಲೆಕ್ಟ್ರಾನ್ ಮತ್ತು ಭಾರದ ಪ್ರೋಟಾನ್ ಒತ್ತಡಕ್ಕೆ ಬೇರೆ ಬೇರೆ ಥರ ಸರಿಯುವುದರಿಂದ ಅಲ್ಪ ಕರೆಂಟ್ ಹುಟ್ಟುತ್ತದೆ, ಅದರಿಂದ ಬೀಜದಂಥ ಸಣ್ಣ ಕಾಂತಕ್ಷೇತ್ರ. ಆದರೆ 2010ರಲ್ಲಿ ಫರ್ಮಿ ಎಂಬ ಬಾಹ್ಯಾಕಾಶ ದೂರದರ್ಶಕದ ಗಾಮಾ ಕಿರಣದ (ತೀರಾ ಹೆಚ್ಚು ಶಕ್ತಿಯ ಬೆಳಕಿನ) ಮಾಹಿತಿ ನೋಡಿದವರು, ಗ್ಯಾಲಕ್ಸಿಗಳ ನಡುವಿನ ಖಾಲಿ ಜಾಗದಲ್ಲೂ ಕ್ಷೇತ್ರ ಇರಲೇಬೇಕು ಎಂದರು. ಅಲ್ಲಿ ನಕ್ಷತ್ರವೂ ಇಲ್ಲ, ತಿರುಗುವ ಗ್ಯಾಲಕ್ಸಿಯೂ ಇಲ್ಲ. ಹಾಗಾಗಿ ಬೀಜ ಗ್ಯಾಲಕ್ಸಿಗಳಿಗಿಂತ ಹಳೆಯದಿರಬಹುದು ಎಂಬ ಅನುಮಾನ.

ಡಾರ್ಕ್ ಮ್ಯಾಟರ್ ಬರಬೇಕಾದ್ದು ಇಲ್ಲಿ. ನಮಗೆ ಗೊತ್ತಿರುವ ದ್ರವ್ಯದ ಸುಮಾರು ಐದು ಪಟ್ಟು ಇರುವ ಇದು, ಆಕ್ಸಿಯಾನ್ ಎಂಬ ತೀರಾ ಹಗುರ ಕಣಗಳದ್ದಾಗಿರಬಹುದು ಎಂಬುದು ಒಂದು ಊಹೆ.

"ಅದಕ್ಕೆ ಬೆಳಕಿನ ಜೊತೆ ಸಂಬಂಧವೇ ಇಲ್ಲ ಅಂದ್ರಲ್ಲ ಸಾರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಹಾರಿಸಬೇಡಿ. ಆಕ್ಸಿಯಾನ್‌ಗೆ ವಿದ್ಯುದಾವೇಶ ಇಲ್ಲ, ಆದರೂ ವಿದ್ಯುತ್ ಮತ್ತು ಕಾಂತಕ್ಷೇತ್ರದ ಜೊತೆ ತುಂಬ ಸಣ್ಣ ನಂಟು ಇರಬಹುದು. ವಿಶ್ವದ ಆದಿಯಲ್ಲಿ ಆಕ್ಸಿಯಾನ್ ಕ್ಷೇತ್ರ ಅತ್ತಿತ್ತ ಓಲಾಡುವಾಗ ಆ ನಂಟಿನ ಮೂಲಕ ಶಕ್ತಿ ದಾಟಿ, ಮೊದಲೇ ಇದ್ದ ಕಾಂತಕ್ಷೇತ್ರದ ಸೂಕ್ಷ್ಮ ಅಲುಗಾಟ ದೊಡ್ಡದಾಗಿ ಬೆಳೆಯಬಹುದು ಎಂದು ಲೆಕ್ಕ ಹೇಳುತ್ತದೆ.

ಇದು ಸಾಬೀತಾಗಿಲ್ಲ, ಅದನ್ನು ಒತ್ತಿ ಹೇಳಿ. ಆಗಿನ ವಿಶ್ವ ಕರೆಂಟನ್ನು ಚೆನ್ನಾಗಿ ಹರಿಸುವ ಬಿಸಿ ಪ್ಲಾಸ್ಮಾ (ಆವೇಶ ಇರುವ ಕಣಗಳ ಅನಿಲ), ಅದು ಈ ಬೆಳವಣಿಗೆಯನ್ನೇ ಅದುಮಿಬಿಡಬಹುದು. ಆಕ್ಸಿಯಾನ್ ಕೂಡ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಆದರೆ ಗುರುತು ಹಿಡಿಯಲು ಒಂದು ದಾರಿ ಇದೆ. ಹೀಗೆ ಹುಟ್ಟಿದ ಕ್ಷೇತ್ರ ಎಡಕ್ಕೋ ಬಲಕ್ಕೋ ಒಂದೇ ಕಡೆ ಜಾಸ್ತಿ ಸುರುಳಿ ಸುತ್ತಿರಬೇಕು. ಖಾಲಿ ಜಾಗ ದಾಟಿ ಬರುವ ಗಾಮಾ ಕಿರಣಗಳಲ್ಲಿ ಆ ತಿರುಚಿನ ಸುಳಿವು ಸಿಗುತ್ತದೆಯೇ ಎಂದು ಹುಡುಕುವ ಪ್ರಯತ್ನ ನಡೆದಿದೆ.