ಜೇಬಿನ ಚಾಕು: ವಾರಕ್ಕೊಂದು ಸಾಕು

ಶ್ರೀರಂಗಪಟ್ಟಣದ ಹತ್ತಿರ ನನ್ನದೊಂದು ಸಣ್ಣ ನರ್ಸರಿ ಇದೆ. ಮಾವು, ಸಪೋಟ, ನಿಂಬೆ ಸಸಿಗಳಿಗೆ ಕಸಿ ಕಟ್ಟುವುದು ಕಸುಬು. ಮಡಿಚುವ ಚಾಕುಗಳನ್ನು ಕೂಡಿಡುವುದು ಇಪ್ಪತ್ತೆರಡು ವರ್ಷಗಳಿಂದ ಹತ್ತಿರುವ ಗೀಳು. ಪೆಟ್ಟಿಗೆಯಲ್ಲಿ ಈಗ 31 ಚಾಕುಗಳಿವೆ. ಸಸಿ ಕೊಳ್ಳಲು ಬಂದವರು ನನ್ನ ಜೇಬಿನಿಂದ ಚಾಕು ಹೊರಬರುವುದನ್ನು ನೋಡಿ, "ಅಣ್ಣ, ನಾನೂ ಒಂದು ಇಟ್ಟುಕೊಳ್ಳಬೇಕು, ಯಾವುದನ್ನು ಕೊಳ್ಳಲಿ?" ಎಂದು ಕೇಳುತ್ತಾರೆ. ಅವರಿಗೆ ನಿಂತಲ್ಲೇ ಹೇಳಿ ಮುಗಿಸಲಾಗದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ನಾನು ಪಾಲಿಸುವ ನಿಯಮ ಒಂದೇ. ಕನಿಷ್ಠ ಒಂದು ವಾರ ಜೇಬಿನಲ್ಲಿದ್ದು ದುಡಿಯದ ಚಾಕು ನನ್ನ ಪೆಟ್ಟಿಗೆಗೆ ಸೇರುವುದಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ನೋಡುವುದಕ್ಕೆಂದೇ ಕೊಂಡವನಿಗೆ ಅದರ ಕೀಲು ಸಡಿಲವೋ ಬಿಗಿಯೋ, ಹಿಡಿ ಅಂಗೈಗೆ ಒತ್ತುತ್ತದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ಈ ನಿಯಮ ನನಗೆ ಅಪ್ಪನ ಚಾಕುವಿನಿಂದ ಬಂತು. ಅಪ್ಪ ಮೈಸೂರಿನ ಹೊರಗೆ ವೀಳ್ಯದೆಲೆ ತೋಟ ಮಾಡುತ್ತಿದ್ದರು. ಅವರ ಎಲೆಯಡಿಕೆ ಚೀಲದಲ್ಲಿ ಕೋಡಿನ ಹಿಡಿಯ ಚಾಕುವೊಂದು ಸದಾ ಇರುತ್ತಿತ್ತು. ಬಳ್ಳಿ ಕಟ್ಟಲು ಬಾಳೆನಾರು ಸೀಳುವುದರಿಂದ ಹಿಡಿದು ನಮಗೆ ಕಬ್ಬಿನ ಜಲ್ಲೆ ಸಿಗಿದು ಕೊಡುವವರೆಗೆ ಎಲ್ಲಕ್ಕೂ ಅದೇ. ಮಸೆದು ಮಸೆದು ಅದರ ಅಲಗು ಈಗ ಬೇವಿನೆಲೆಯಷ್ಟು ಅಗಲ ಉಳಿದಿದೆ. ಹಿಡಿಯ ಒಂದು ಮಗ್ಗುಲಲ್ಲಿ ಕೋಡು ಸವೆದು ಹೆಬ್ಬೆರಳಿನ ಗಾತ್ರದ ತಗ್ಗಾಗಿದೆ. ಅಪ್ಪ ಎಡಚರು. ಬಲಗೈಯಲ್ಲಿ ಹಿಡಿದರೆ ಆ ತಗ್ಗಿಗೆ ನನ್ನ ಹೆಬ್ಬೆರಳು ಕೂರುವುದಿಲ್ಲ, ಎಡಗೈಗೆ ಬದಲಿಸಿದ ಕೂಡಲೇ ಕೂರುತ್ತದೆ. ವರ್ಷಕ್ಕೊಂದು ವಾರ ಅದನ್ನು ಜೇಬಿಗಿಳಿಸಿ, ಹಣ್ಣು ಮಾತ್ರ ಕತ್ತರಿಸುತ್ತೇನೆ.

ಮೊದಲ ಚಾಕುವಿನ ಅಲಗು ಮೂರು ಇಂಚಿನ ಆಸುಪಾಸು ಇರಲಿ. ಅದಕ್ಕಿಂತ ಉದ್ದವಾದರೆ ಕೂತಾಗ ತೊಡೆಗೆ ಒತ್ತುತ್ತದೆ, ನಾಲ್ಕನೆಯ ದಿನ ನೀವೇ ಮನೆಯಲ್ಲಿ ಬಿಟ್ಟು ಹೊರಡುತ್ತೀರಿ. ಹತ್ತಾರು ಸಲಕರಣೆಗಳ ಸ್ವಿಸ್ ಚಾಕು ಗಟ್ಟಿ ವಸ್ತುವೇ. ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಕಾರ್ಯಾಗಾರ ವಿಕ್ಟೊರಿನಾಕ್ಸ್ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಸುಮ್ಮನೆ ಅಲ್ಲ. ಆದರೆ ಮಸೆಯುವುದನ್ನು ಕಲಿಯಬೇಕಾದವರಿಗೆ ಒಂದೇ ಅಲಗಿನ ಚಾಕು ಒಳ್ಳೆಯ ಗುರು. ಫ್ರಾನ್ಸಿನ ಸವಾಯ್ ಪ್ರದೇಶದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಲು ತೊಡಗಿದ, ಬೀಚ್ ಮರದ ಹಿಡಿಯ ಚಾಕುವನ್ನು ನಾನು ಮೊದಲಿಗರಿಗೆ ಹೇಳುತ್ತೇನೆ. ಅದರಲ್ಲಿ 8ನೇ ಸಂಖ್ಯೆಯದು, ಎಂಟೂವರೆ ಸೆಂಟಿಮೀಟರ್ ಅಲಗಿನದು, ನಮ್ಮ ಅಂಗೈಗೆ ಸರಿಹೊಂದುತ್ತದೆ. ಕುತ್ತಿಗೆಯಲ್ಲಿರುವ ಲೋಹದ ಬಳೆಯನ್ನು ತಿರುಗಿಸಿದರೆ ತೆರೆದ ಅಲಗು ಮಡಿಚಿಕೊಳ್ಳದಂತೆ ನಿಲ್ಲುತ್ತದೆ. ಆ ಬಳೆ 1955ರಲ್ಲಿ ಸೇರಿದ್ದು. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಇನ್ನೂ ಸರಳ: ಮಡಿಚಿದ ಲೋಹದ ತಗಡೇ ಹಿಡಿ, ಅಲಗಿನ ಬುಡದಲ್ಲಿ ಚಾಚಿಕೊಂಡ ಸಣ್ಣ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುವುದೇ ಅದರ ಬೀಗ. ಅಲ್ಲಿನ ಶಾಲಾ ಮಕ್ಕಳು ಒಂದು ಕಾಲಕ್ಕೆ ಪೆನ್ಸಿಲ್ ಹೆರೆಯುತ್ತಿದ್ದದ್ದು ಇದರಲ್ಲೇ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳು ಆಯುಧವೆಂದು ಪಟ್ಟಿ ಮಾಡುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ, ಮನೆಗೆಲಸ ಬೇಸಾಯಗಳಿಗಲ್ಲದ ಚಾಕುಗಳನ್ನು. ಮೂರು ಇಂಚಿನ ಹಣ್ಣಿನ ಚಾಕು ಅದರ ಹತ್ತಿರ ಸುಳಿಯುವುದಿಲ್ಲ. ಹಾಗೆಂದು ಎಲ್ಲೆಡೆಗೂ ಒಯ್ಯಬಾರದು. ನ್ಯಾಯಾಲಯ, ಶಾಲೆ, ಬೆಂಗಳೂರಿನ ಮೆಟ್ರೊ, ವಿಮಾನದ ಕೈಚೀಲ, ರಾಜಕೀಯ ಸಭೆ, ಜಾತ್ರೆಯ ನೂಕುನುಗ್ಗಲು: ಇಲ್ಲೆಲ್ಲ ಚಾಕು ಬೇಡವೇ ಬೇಡ. ಒಮ್ಮೆ ತಪಾಸಣೆಯ ಬಾಗಿಲಲ್ಲಿ ಒಳ್ಳೆಯ ಚಾಕುವೊಂದನ್ನು ಬಿಟ್ಟುಕೊಟ್ಟು ಬಂದೆ, ಮತ್ತೆ ಸಿಗಲಿಲ್ಲ. ಅಂದಿನಿಂದ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಹಿತ್ತಾಳೆಯ ಬಟ್ಟಲೊಂದಿದೆ. ಊರಾಚೆ ಹೊರಡುವ ದಿನ ಬೀಗದ ಕೈ ಎತ್ತಿಕೊಳ್ಳುವಾಗ ಚಾಕು ಅದರೊಳಗೆ ಇಳಿಯುತ್ತದೆ. ಗುಂಡಿ ಒತ್ತಿದರೆ ಚಿಮ್ಮುವ ಜಾತಿಯ ಚಾಕುಗಳನ್ನು ನಾನು ಸಂಗ್ರಹಕ್ಕೂ ತೆಗೆದುಕೊಳ್ಳುವುದಿಲ್ಲ.

ಹಳೆಯ ಮಾದರಿಯ ಬಹುಪಾಲು ಚಾಕುಗಳಲ್ಲಿ ಬೀಗವಿರುವುದಿಲ್ಲ, ಬೆನ್ನಿನ ಸ್ಪ್ರಿಂಗ್ ಒಂದೇ ಅಲಗನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಮೊನೆಯಿಂದ ಚುಚ್ಚುವ ಕೆಲಸಕ್ಕೆ ಇಳಿಯಬೇಡಿ. ಕಸಿಯ ಕಾಲದಲ್ಲೊಮ್ಮೆ ಅವಸರದಲ್ಲಿ ಗೊಬ್ಬರದ ಚೀಲಕ್ಕೆ ಮೊನೆ ಒತ್ತಿದೆ. ಅಲಗು ಮಡಿಚಿ ತೋರುಬೆರಳಿನ ಗೆಣ್ಣಿನ ಮೇಲೆ ಕೂತಿತು. ಮೂರು ಹೊಲಿಗೆ, ಎರಡು ವಾರ ಕೆಲಸವಿಲ್ಲ. ಚೀಲವನ್ನಾದರೆ ಅಂಚಿನ ದಾರದ ಕಡೆಯಿಂದ, ಅಲಗಿನ ಬಾಯಿಯಿಂದ ಕೊಯ್ಯಬೇಕು. ಮುಚ್ಚುವಾಗ ನಾಲ್ಕೂ ಬೆರಳುಗಳು ಹಿಡಿಯ ಸೀಳಿನಿಂದ ಹೊರಗಿರಲಿ, ಅಲಗಿನ ಬೆನ್ನನ್ನು ಇನ್ನೊಂದು ಅಂಗೈಯಿಂದ ತಳ್ಳಿ. ಬೇರೆಯವರಿಗೆ ಕೊಡುವಾಗ ಮಡಿಚಿಯೇ ಕೊಡಿ. ನಮ್ಮ ಅಮ್ಮ ಚಾಕುವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ, ನೆಲದ ಮೇಲಿಡಿಸಿ ಎತ್ತಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ.

ಮಸೆಯುವುದನ್ನು ಮಾತ್ರ ನಿಧಾನವಾಗಿ ಓದಿ. ಸಾಣೆಚಕ್ರ ಹೊತ್ತು ಬೀದಿಗೆ ಬರುವವರು ಮಚ್ಚು, ಈಳಿಗೆಮಣೆಗಳಿಗೆ ನಿಪುಣರು. ಆದರೆ ತೆಳು ಅಲಗನ್ನು ಒಣ ಚಕ್ರಕ್ಕೆ ಕೊಟ್ಟರೆ ಕ್ಷಣದಲ್ಲಿ ಕಾದು ಅಂಚು ನೀಲಿಗಟ್ಟುತ್ತದೆ. ನೀಲಿಯಾದ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ. 1000 ನಂಬರಿನ ನೀರುಗಲ್ಲು, ಅಂದರೆ ನೀರಿನಲ್ಲಿ ನೆನೆಸಿ ಮಸೆಯುವ ಸಾಣೆಕಲ್ಲು, ಒಂದು ಸಾಕು (ನಂಬರು ಕಲ್ಲಿನ ಕಣ ಎಷ್ಟು ನಯವೆಂದು ಹೇಳುತ್ತದೆ). ಕಲ್ಲನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಡಿ. ಅಲಗಿನ ಬೆನ್ನನ್ನು ಕಲ್ಲಿನಿಂದ ಹತ್ತು ರೂಪಾಯಿಯ ಮೂರು ನಾಣ್ಯ ಪೇರಿಸಿದಷ್ಟು ಮಾತ್ರ ಎತ್ತಿ. ಕೋನ ಸರಿಯಿದೆಯೇ ಎಂದು ನೋಡಲು ಬಾಯಿಯ ಉದ್ದಕ್ಕೂ ಕಪ್ಪು ಮಾರ್ಕರ್ ಎಳೆದು ನಾಲ್ಕು ಸಲ ಮಸೆಯಿರಿ. ಮಸಿ ಹರಿತದ ಅಂಚಿನವರೆಗೂ ಅಳಿಸಿದರೆ ಸರಿ. ಬೆನ್ನಿನ ಕಡೆಯದು ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು, ಅಂಚಿನದು ಮಾತ್ರ ಅಳಿಸಿದ್ದರೆ ಇಳಿಸಬೇಕು.

ಒಂದೇ ಮಗ್ಗುಲನ್ನು ಮಸೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಉಕ್ಕಿನ ಕೂದಲೆಳೆಯೊಂದು ಎದುರು ಮಗ್ಗುಲಿಗೆ ಮಗುಚಿಕೊಳ್ಳುತ್ತದೆ. ಕಣ್ಣಿಗೆ ಕಾಣದು. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಹಗುರವಾಗಿ ಸವರಿದರೆ, ಹೊಸ ಹತ್ತಿಬಟ್ಟೆಯ ಅಂಚಿನಂತೆ ತಡೆಯುತ್ತದೆ. ಬಾಯಿಯ ಉದ್ದಕ್ಕೆ ಬೆರಳೆಳೆಯಬೇಡಿ. ಬುಡದಿಂದ ಮೊನೆಯವರೆಗೆ ಆ ಎಳೆ ಎದ್ದ ಮೇಲೆಯೇ ಮಗ್ಗುಲು ಬದಲಿಸಬೇಕು. ಹೊಸಬರು ಎಡವುವುದು ಇಲ್ಲೇ, ಎಳೆ ಏಳುವ ಮೊದಲೇ ತಿರುಗಿಸಿಬಿಡುತ್ತಾರೆ. ಕೊನೆಗೆ ಒತ್ತಡ ಇಳಿಸುತ್ತಾ ಹೋಗಿ, ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಇಪ್ಪತ್ತು ಸಲ ಎಳೆಯಿರಿ. ಮಾಗಿದ ಟೊಮೆಟೊ ಮೇಲೆ ಅಲಗನ್ನು ಒತ್ತದೆ ಎಳೆದಾಗ ಸಿಪ್ಪೆ ತೆರೆದುಕೊಂಡರೆ ಕೆಲಸ ಮುಗಿಯಿತು. ಕಸಿಚಾಕು ಕೈಯಲ್ಲಿದ್ದರೆ ಒಮ್ಮೆ ನೋಡಿಕೊಳ್ಳಿ: ಹಲವು ಕಸಿಚಾಕುಗಳಿಗೆ ಒಂದೇ ಮಗ್ಗುಲಿಗೆ ಇಳಿಜಾರು ಇರುತ್ತದೆ. ಚಪ್ಪಟೆ ಮಗ್ಗುಲನ್ನು ಎತ್ತಿ ಮಸೆದರೆ ಕಡ್ಡಿಯ ಕೊಯ್ತ ಡೊಂಕಾಗಿ ಕಸಿ ಕೂಡುವುದಿಲ್ಲ.

ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನ ಅಲಗು ಮಾವು, ನಿಂಬೆ ಕತ್ತರಿಸುತ್ತಾ ಬೂದುನೀಲಿಗೆ ತಿರುಗುತ್ತದೆ. ಅದು ಕೊಳೆಯಲ್ಲ, ಕೆಂಪು ತುಕ್ಕು ಹತ್ತದಂತೆ ಕಾಯುವ ತೆಳು ಪದರ. ಅಮ್ಮ ಒಮ್ಮೆ ಹುಣಸೆಹಣ್ಣು ಹಾಕಿ, ಹಿತ್ತಾಳೆ ಚೊಂಬು ತಿಕ್ಕಿದಂತೆ ತಿಕ್ಕಿ ಬೆಳ್ಳಗೆ ಮಾಡಿಟ್ಟರು. ಎರಡೇ ದಿನಕ್ಕೆ ಕೆಂಪು ಚುಕ್ಕೆಗಳು ಎದ್ದವು. ಹಣ್ಣು ಕತ್ತರಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಅಲಗಿಗೆ ಆದೀತು, ಕೀಲಿಗೆ ಬೇಡ: ಮಾಗಿಯ ಬೆಳಗಿನಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಹಲಸು ಬಿಡಿಸುವುದಿದ್ದರೆ ಅಲಗಿಗೆ ಮೊದಲೇ ಎಣ್ಣೆ ಸವರಿ. ಮಳೆಗಾಲದಲ್ಲಿ ಬೀಚ್ ಮರ ಉಬ್ಬಿ ಒಪಿನೆಲ್ ಚಾಕುವಿನ ಅಲಗು ಒಳಗೇ ಕಚ್ಚಿಕೊಳ್ಳುವುದುಂಟು. ಆಗ ಇಕ್ಕಳ ಹಾಕಿ ಎಳೆಯಬೇಡಿ. ಬಳೆಯನ್ನು ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿ. ಅಲಗಿನ ಮೊನೆ ತಾನಾಗಿ ಇಣುಕುತ್ತದೆ. ಸವಾಯ್‌ನವರದೂ ಇದೇ ಉಪಾಯ.

ಹಳೆಯ ಚಾಕುಗಳು ಸಂತೆಯಲ್ಲಿ ಗುಜರಿ ಕಬ್ಬಿಣ ಹರಡಿಕೊಂಡು ಕೂರುವವರ ಬಳಿ ಸಿಗುತ್ತವೆ. ತೆರೆದು ಮುಚ್ಚಿ, ಸ್ಪ್ರಿಂಗ್ 'ಟಕ್' ಎನ್ನಬೇಕು. ತೆರೆದ ಅಲಗನ್ನು ಪಕ್ಕಕ್ಕೆ ಅಲುಗಿಸಿದರೆ ಆಡಬಾರದು. ಮಡಿಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಬೇಕು. ಮೇಲ್ಮೈಯ ತುಕ್ಕು ಹೋಗುತ್ತದೆ, ಗುಳಿ ಬಿದ್ದ ತುಕ್ಕು ಹೋಗುವುದಿಲ್ಲ. ಅಲಗಿನ ಬುಡದಲ್ಲಿ ತಯಾರಕರ ಮುದ್ರೆಯಿದ್ದರೆ ಉಜ್ಜುಕಾಗದ ತಾಗಿಸಲೇಬೇಡಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ತೇವ ಹಿಡಿದು ಹಿತ್ತಾಳೆ ಹಸಿರುಗಟ್ಟುತ್ತದೆ. ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇರಲಿ. ನನ್ನ ಹದಿನೇಳನೆಯ ಪುಟ ಹೀಗಿದೆ: "ಸಂತೆ, 150 ರೂಪಾಯಿ. ಹಿಡಿ ಮುರಿದಿತ್ತು, ಬೀಟೆ ಮರದ ಚೂರು ಕೂರಿಸಿದೆ. ಆ ವಾರ: ರಸಬಾಳೆ, ಸೆಣಬಿನ ಹುರಿ, ಮಗಳ ಪೆನ್ಸಿಲ್. ಬುಡದ ಹತ್ತಿರ ಬಾಯಿ ಇನ್ನೂ ಮೊಂಡು."

ಮಹಾನವಮಿಯ ದಿನ ಮೂವತ್ತೊಂದೂ ಹೊರಗೆ ಬರುತ್ತವೆ. ಒರೆಸಿ, ಎಣ್ಣೆ ಸವರಿ, ಬಾಳೆಲೆಯ ಮೇಲೆ ಸಾಲಾಗಿ ಇಡುತ್ತೇನೆ. ಅರಿಶಿನ ಕುಂಕುಮವನ್ನು ಎಲೆಗೆ ಇಡುತ್ತೇನೆಯೇ ಹೊರತು ಅಲಗಿಗಲ್ಲ, ಒದ್ದೆ ಕುಂಕುಮ ಒಂದೇ ರಾತ್ರಿಯಲ್ಲಿ ಕಲೆ ಬಿಡುತ್ತದೆ. ಅಂದು ಜೇಬು ಖಾಲಿ. ವಿಜಯದಶಮಿಯ ಬೆಳಿಗ್ಗೆ ಸಾಲಿನಿಂದ ಮೊದಲು ಎತ್ತಿಕೊಳ್ಳುವುದು ಅಪ್ಪನ ಚಾಕುವನ್ನು, ಎಡಗೈಯಲ್ಲಿ.